ಗಾಡಿಗೆ ಬಿದ್ದ ದಂಡ: ಕಟ್ಟುವುದು, ಕೇಳುವುದು, ಮುಗಿಸುವುದು



ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಕೋರ್ಟುಗಳ ಅಂಗಳದಲ್ಲಿ ವಕೀಲಿ ಮಾಡುವ ನಮ್ಮಂಥವರ ಮುಂದೆ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. "ಗಾಡಿ ಮ್ಯಾಲ ಫೈನ್ ಐತಂತ್ರಿ ಸಾಹೇಬ್ರ, ಏನ್ ಮಾಡೂದು?" ಕೇಳುವವರ ದನಿಯಲ್ಲಿ ದಂಡದ ಮೊತ್ತದ ಚಿಂತೆಗಿಂತ ದೊಡ್ಡದಾದ ಒಂದು ಅಂಜಿಕೆ ಇರುತ್ತದೆ. ಠಾಣೆಯ ಅಂಜಿಕೆ, ಕೋರ್ಟಿನ ಅಂಜಿಕೆ, ಫೋನಿಗೆ ಬಂದ ಇಂಗ್ಲಿಷ್ ಸಂದೇಶದ ಅಂಜಿಕೆ. ಆ ಅಂಜಿಕೆಯಿಂದಲೇ ಕೆಲವರು ಸಂದೇಶವನ್ನು ಅಳಿಸಿಬಿಡುತ್ತಾರೆ. ಕೆಲವರು ಯಾರದೋ ಕೈಗೆ ದುಡ್ಡು ಇಟ್ಟು "ನೀವ ಮುಗಿಸಿಬಿಡ್ರಿ" ಎಂದು ಮನೆಗೆ ಹೋಗುತ್ತಾರೆ. ಕೆಲವರು ಬಂದ ಲಿಂಕನ್ನು ಒತ್ತಿ ಬ್ಯಾಂಕಿನಲ್ಲಿದ್ದ ದುಡ್ಡನ್ನೇ ಕಳೆದುಕೊಳ್ಳುತ್ತಾರೆ. ಇಷ್ಟೆಲ್ಲ ಆದರೂ ಗಾಡಿಯ ಮೇಲಿನ ದಂಡ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ನೆಟ್ಟಗೆ ಮುಗಿಸುವುದು ಹೇಗೆ ಎಂಬುದನ್ನು ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ದಾರಿಯಲ್ಲಿ ನಿಲ್ಲಿಸಿ ಹಾಕುವ ದಂಡದಿಂದಲೇ ಶುರು ಮಾಡೋಣ. ಹೆಲ್ಮೆಟ್ ಇಲ್ಲ, ಬೈಕಿನ ಮೇಲೆ ಮೂವರಿದ್ದಾರೆ, ಸೀಟ್ ಬೆಲ್ಟ್ ಹಾಕಿಲ್ಲ. ಇಂಥ ತಪ್ಪುಗಳನ್ನು ಕೋರ್ಟಿನವರೆಗೆ ಒಯ್ಯದೆ, ಸರ್ಕಾರ ಗೊತ್ತುಮಾಡಿದ ಮೊತ್ತ ಕಟ್ಟಿಸಿಕೊಂಡು ಅಲ್ಲಿಯೇ ಮುಗಿಸಲು 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಯಾರು ಬೇಕಾದರೂ ಎಷ್ಟು ಬೇಕಾದರೂ ವಸೂಲಿ ಮಾಡುವಂತಿಲ್ಲ. ಯಾವ ದರ್ಜೆಯ ಅಧಿಕಾರಿ, ಎಷ್ಟು ರೂಪಾಯಿ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೇಳಿರುತ್ತದೆ. 2019ರ ಸೆಪ್ಟೆಂಬರ್ 1ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ದಂಡಗಳು ಒಮ್ಮೆಲೇ ಏರಿದ್ದು ನಿಮಗೆ ನೆನಪಿರಬಹುದು. ಜನ ಸಿಟ್ಟಾದರು. ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಕಾಯ್ದೆಯಲ್ಲಿ 1,000 ರೂಪಾಯಿ ಇದ್ದರೆ ನಮ್ಮ ರಾಜ್ಯದಲ್ಲಿ ಕಟ್ಟಿಸಿಕೊಳ್ಳುವುದು 500.

ಈ ದಂಡ ಕಟ್ಟುವಾಗ ರಸೀದಿ ಕೇಳಿ. ಮಷೀನಿನಿಂದ ಹರಿದು ಕೊಡುವ ಚೀಟಿಯಾಗಲಿ, ಫೋನಿಗೆ ಬರುವ ಸಂದೇಶವಾಗಲಿ, ಅದರಲ್ಲಿ ಚಲನ್ ನಂಬರು, ಗಾಡಿ ನಂಬರು, ತಪ್ಪು ಯಾವುದು, ಮೊತ್ತ ಎಷ್ಟು ಎಂಬುದು ಇರಲೇಬೇಕು. ನಮ್ಮ ರೈತರಿಗೆ ಇದನ್ನು ನಾನು ಹೊಸದಾಗಿ ಕಲಿಸಬೇಕಿಲ್ಲ. ಸಮೀರವಾಡಿಗೋ ಹಿರೇಪಡಸಲಗಿಗೋ ಕಬ್ಬು ಕಳಿಸಿದವರು ಕಾರ್ಖಾನೆಯ ತೂಕದ ಚೀಟಿಯನ್ನು ಬಿಲ್ಲು ಕೈಸೇರುವವರೆಗೂ ಜೋಪಾನ ಮಾಡುತ್ತಾರೆ. ದಂಡದ ರಸೀದಿಯನ್ನೂ ಹಾಗೆಯೇ ಇಟ್ಟುಕೊಳ್ಳಬೇಕು. ರಸೀದಿ ಇಲ್ಲದೆ ಕೊಟ್ಟ ದುಡ್ಡು ಸರ್ಕಾರದ ಖಜಾನೆಗೆ ಸೇರುವುದಿಲ್ಲ, ನಿಮ್ಮ ತಪ್ಪನ್ನೂ ತೊಳೆಯುವುದಿಲ್ಲ. ಅರ್ಧ ಕೊಟ್ಟು ಪಾರಾದೆ ಎಂದುಕೊಂಡವರು ಲಂಚ ಕೊಟ್ಟ ಇನ್ನೊಂದು ತಪ್ಪನ್ನು ತಲೆಗೆ ಕಟ್ಟಿಕೊಂಡಿರುತ್ತಾರೆ. ಕೊಡುವವರು ನಿಲ್ಲಿಸದೆ ಇದು ನಿಲ್ಲುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾಗದಪತ್ರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸನ್ಸ್ ತೋರಿಸುವುದು ಕಾನೂನಿನ ಪ್ರಕಾರ ನಮ್ಮ ಕರ್ತವ್ಯ. ಆದರೆ ಮೂಲ ಪ್ರತಿಯನ್ನೇ ಜೇಬಿನಲ್ಲಿಟ್ಟು ತಿರುಗಬೇಕಾಗಿಲ್ಲ. 2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ತಿದ್ದುಪಡಿಯಾದ ಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸುವ ಲೈಸನ್ಸ್, ಆರ್‌ಸಿ, ವಿಮೆ ಎಲ್ಲವೂ ನಡೆಯುತ್ತವೆ. ಫೋನಿನಲ್ಲಿ ತೆಗೆದಿಟ್ಟ ಬರೀ ಫೋಟೊ ಮಾತ್ರ ಸಾಲದು. ಲೈಸನ್ಸನ್ನು ಅಧಿಕಾರಿ ವಶಕ್ಕೆ ತೆಗೆದುಕೊಂಡರೆ ಅದಕ್ಕೆ ಸ್ವೀಕೃತಿ ಚೀಟಿ ಕೊಡಬೇಕೆಂದು 206ನೇ ಕಲಂ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ. "ಸಾಹೇಬ್ರ, ಚೀಟಿ ಕೊಡ್ರಿ" ಎಂದು ಮರ್ಯಾದೆಯಿಂದ ಕೇಳುವುದು ಉದ್ಧಟತನವಲ್ಲ.

ಪೊಲೀಸರಿಗೂ ಗೆರೆಗಳಿವೆ. 2022ರ ಜೂನ್‌ನಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ಇದು ಅನ್ವಯಿಸದು ಎಂದು ಬಹಿರಂಗವಾಗಿಯೇ ಹೇಳಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆಂದು ಬೈಕ್ ನಿಲ್ಲಿಸಲು ಹೋದಾಗ ತಂದೆ ತಾಯಿಯ ಜೊತೆಗಿದ್ದ ಪುಟ್ಟ ಮಗುವೊಂದು ರಸ್ತೆಗೆ ಬಿದ್ದು ತೀರಿಕೊಂಡಿತು. ಆಮೇಲೆ ಗಾಡಿ ತಡೆಯುವುದು ಹೇಗೆ ಎಂಬ ಬಗ್ಗೆ ಇಲಾಖೆ ಹೊಸ ಸೂಚನೆಗಳನ್ನು ಹೊರಡಿಸಿತು. ನಾವು ಮಾಡಬೇಕಾದದ್ದೂ ಇದೆ. ಪೊಲೀಸರನ್ನು ಕಂಡ ಕೂಡಲೇ ಗಾಡಿಯನ್ನು ಗರಕ್ಕನೆ ತಿರುಗಿಸಿ ಓಡಬಾರದು. 500 ರೂಪಾಯಿ ಉಳಿಸಲು ಹೋಗಿ ಹಿಂದೆ ಕುಳಿತವರನ್ನು ಕಳೆದುಕೊಂಡವರಿದ್ದಾರೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಪೊಲೀಸರು ಹಾಕುವುದು ಚಲನ್. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಬರೆಯುವುದು ಚೆಕ್ ರಿಪೋರ್ಟ್. ಕಬ್ಬಿನ ಗಾಡಿ, ಟಂಟಂ, ಮ್ಯಾಕ್ಸಿಕ್ಯಾಬ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಚೆಕ್ ರಿಪೋರ್ಟಿನ ವ್ಯವಹಾರ ಠಾಣೆಯಲ್ಲಿ ಮುಗಿಯುವುದಿಲ್ಲ, ಅದಕ್ಕೆ ಆರ್‌ಟಿಒ ಕಚೇರಿಯೇ ಬೇಕು. ನಮ್ಮ ಕೆಎ-48 ಗಾಡಿಗಳ ಕಚೇರಿ ಜಮಖಂಡಿಯಲ್ಲಿದೆ, ಕೆಎ-29ರದು ಬಾಗಲಕೋಟೆಯಲ್ಲಿ. ಚೀಟಿಯ ತಲೆಯ ಮೇಲೆ ಯಾವ ಇಲಾಖೆಯ ಹೆಸರಿದೆ ಎಂದು ಮೊದಲು ಓದಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಈಗ ಕ್ಯಾಮೆರಾ ಹಾಕುವ ದಂಡಕ್ಕೆ ಬರುತ್ತೇನೆ. ನಮ್ಮ ಭಾಗದವರಿಗೆ ಹೆಚ್ಚು ಗೊಂದಲ ಆಗುತ್ತಿರುವುದು ಇಲ್ಲಿಯೇ. ನಮ್ಮ ಊರುಗಳಲ್ಲಿ ಕ್ಯಾಮೆರಾಗಳು ಕಡಿಮೆ ಇರಬಹುದು, ಆದರೆ ನಮ್ಮ ಗಾಡಿಗಳು ಊರಲ್ಲೇ ನಿಲ್ಲುವುದಿಲ್ಲವಲ್ಲ. ದೊಡ್ಡ ಕಾಯಿಲೆ ಬಂದರೆ ಜಮಖಂಡಿ, ತೇರದಾಳದ ಕಡೆಯವರು ಮಿರಜಿಗೆ ಹೋಗುತ್ತಾರೆ. ನೂಲು ಸೀರೆಯ ವ್ಯವಹಾರಕ್ಕೆ ಬನಹಟ್ಟಿಯವರು ಇಚಲಕರಂಜಿಗೆ ಹೋಗುತ್ತಾರೆ. ಮಕ್ಕಳನ್ನು ನೋಡಲು ಪುಣೆಗೆ, ಬೆಂಗಳೂರಿಗೆ, ಹುಬ್ಬಳ್ಳಿಗೆ ಹೋಗುತ್ತಾರೆ. ಹೆದ್ದಾರಿಯಲ್ಲಿ ವೇಗ ಮೀರಿತ್ತು, ಸಿಗ್ನಲ್ ಕೆಂಪಾದ ಮೇಲೆ ಗೆರೆ ದಾಟಿತ್ತು ಎಂದು ಚಲನ್ ಹುಟ್ಟುತ್ತದೆ. ಯಾರೂ ಅಡ್ಡಗಟ್ಟಲಿಲ್ಲ, ಯಾರೂ ಬೈಯಲಿಲ್ಲ, ಹಾಗಾಗಿ ಗಾಡಿಯವರಿಗೆ ಗೊತ್ತೇ ಆಗುವುದಿಲ್ಲ.

ಗೊತ್ತಾಗದಿರಲು ಇನ್ನೊಂದು ಕಾರಣವಿದೆ. ಚಲನ್ ಸಂದೇಶ ಹೋಗುವುದು ಆರ್‌ಟಿಒ ದಾಖಲೆಯಲ್ಲಿ ಇರುವ ಮೊಬೈಲ್ ನಂಬರಿಗೆ. ಗಾಡಿ ಕೊಂಡಾಗ ಶೋರೂಮಿನವರ ನಂಬರನ್ನೋ ಏಜೆಂಟನ ನಂಬರನ್ನೋ ಬರೆದಿದ್ದರೆ, ಅಥವಾ ಆಗ ಕೊಟ್ಟ ನಂಬರು ಈಗ ಬಂದ್ ಆಗಿದ್ದರೆ, ಸಂದೇಶ ಎಲ್ಲಿಗೋ ಹೋಗುತ್ತದೆ. ಆರ್‌ಟಿಒ ದಾಖಲೆಯಲ್ಲಿ ನಿಮ್ಮ ಈಗಿನ ನಂಬರು ಸೇರಿಸುವುದು ಪರಿವಾಹನ್ ಜಾಲತಾಣದಲ್ಲಿ ಆಗುವ ಕೆಲಸ, ಆರ್‌ಟಿಒ ಕಚೇರಿಯಲ್ಲಿಯೂ ಕೇಳಬಹುದು. ನನ್ನ ದೃಷ್ಟಿಯಲ್ಲಿ ಇವತ್ತಿನ ಮಾತಿನಲ್ಲಿ ಅತ್ಯಂತ ಉಪಯೋಗದ ಮಾತು ಇದೇ.

ಕ್ಯಾಮೆರಾ ಚಲನ್ನಿಗೂ ನಿಯಮವಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 167ಎ ಎಂಬ ನಿಯಮವನ್ನು ಸೇರಿಸಿತು. ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು. ಗಾಡಿಯ ನಂಬರು ಕಾಣುವಂಥ ಫೋಟೊ, ತಪ್ಪು ನಡೆದ ದಿನ, ಹೊತ್ತು, ಜಾಗ, ಯಾವ ಕಲಂ ಎಂಬುದು ಅದರಲ್ಲಿರಬೇಕು. ಕ್ಯಾಮೆರಾ ಇರುವ ಜಾಗಕ್ಕಿಂತ ಮುಂಚೆ ಎಚ್ಚರಿಕೆಯ ಫಲಕ ಇರಬೇಕು. ಚಲನ್ ಬಂದಾಗ ಮೊದಲು ಫೋಟೊ ನೋಡಿ. ಗಾಡಿ ನಿಮ್ಮದೇ, ದಿನ ಸರಿ, ಜಾಗ ಸರಿ, ತಪ್ಪೂ ನಿಜ ಎಂದಾದರೆ ಕಟ್ಟಿಬಿಡಿ.

ನೋಡುವುದು ಎಲ್ಲಿ? ಕೇಂದ್ರದ ಎನ್‌ಐಸಿ ಸಂಸ್ಥೆ ರೂಪಿಸಿದ ಜಾಲತಾಣ ಒಂದಿದೆ. ನಿಧಾನವಾಗಿ ಹೇಳುತ್ತೇನೆ, ಪೆನ್ನು ಹಿಡಿದವರು ಬರೆದುಕೊಳ್ಳಿ: ಇಚಲನ್ ಡಾಟ್ ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್. ಅಲ್ಲಿ ಚಲನ್ ನಂಬರು ಹಾಕಿ ನೋಡಬಹುದು. ಅದಿಲ್ಲದಿದ್ದರೆ ಗಾಡಿ ನಂಬರಿನ ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಹಾಕಬೇಕು. ಅದು ನಿಮ್ಮ ಆರ್‌ಸಿ ಮೇಲೆಯೇ ಇದೆ. ಲೈಸನ್ಸ್ ನಂಬರಿನಿಂದಲೂ ನೋಡಬಹುದು. ಕರ್ನಾಟಕ ರಾಜ್ಯ ಪೊಲೀಸರ ಜಾಲತಾಣದಲ್ಲಿಯೂ ಸಂಚಾರ ದಂಡ ನೋಡಿ ಕಟ್ಟುವ ವ್ಯವಸ್ಥೆ ಇದೆ. ಮಹಾರಾಷ್ಟ್ರದಲ್ಲಿ ಬಿದ್ದ ದಂಡಕ್ಕೆ ಆ ರಾಜ್ಯದ ಪೊಲೀಸರದೇ ಬೇರೆ ತಾಣವಿದೆ: ಮಹಾಟ್ರಾಫಿಕ್‌ಇಚಲನ್ ಡಾಟ್ ಜಿಒವಿ ಡಾಟ್ ಇನ್. ಮಿರಜ, ಸಾಂಗಲಿಗೆ ಹೋಗಿಬರುವವರು ಎರಡೂ ಕಡೆ ನೋಡಬೇಕು. ಒಂದರಲ್ಲಿ ಏನೂ ಇಲ್ಲ ಎಂದು ನಿಶ್ಚಿಂತರಾಗಿ ಇದ್ದವರಿಗೆ ಇನ್ನೊಂದರಲ್ಲಿ ಬಾಕಿ ಸಿಕ್ಕಿದ್ದುಂಟು. ಇಂಗ್ಲಿಷ್ ಓದಲು ಬಾರದವರು ಕಾಲೇಜಿಗೆ ಹೋಗುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂಡಿಸಿಕೊಂಡು ನೋಡಿ. ಕಂಪ್ಯೂಟರ್ ಅಂಗಡಿಗೆ ಹೋದರೆ ಒಟಿಪಿಯನ್ನು ನೀವೇ ಒತ್ತಿ, ಫೋನನ್ನು ಬಿಟ್ಟುಕೊಡಬೇಡಿ.

ದುಡ್ಡು ಕಟ್ಟಿದ ಮೇಲೂ ಬಾಕಿ ಎಂದೇ ತೋರಿಸುವುದುಂಟು. ಗಾಬರಿಯಿಂದ ಎರಡನೇ ಸಲ ಕಟ್ಟಬೇಡಿ. ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದೆಯೇ ನೋಡಿ, ವ್ಯವಹಾರದ ನಂಬರು ಬರೆದಿಟ್ಟುಕೊಳ್ಳಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡಿ. ಆಗಲೂ ಸರಿಯಾಗದಿದ್ದರೆ ಆ ನಂಬರು ಸಮೇತ ದೂರು ಬರೆಯಿರಿ.

ಇನ್ನು ಕಳ್ಳ ಸಂದೇಶಗಳು. ಇದನ್ನು ದಯವಿಟ್ಟು ಮನೆಯ ಹಿರಿಯರಿಗೂ ತಿಳಿಸಿ. ವಾಟ್ಸ್ಆ್ಯಪಿನಲ್ಲಿ "ನಿಮ್ಮ ಗಾಡಿಗೆ ಚಲನ್ ಬಂದಿದೆ, ಈ ಫೈಲ್ ತೆರೆದು ನೋಡಿ" ಎಂದು ಸಂದೇಶ ಬರುತ್ತದೆ. ಮೇಲೆ ಸರ್ಕಾರದ ಲಾಂಛನ, ಕೆಳಗೆ ಎಪಿಕೆ ಎಂದು ಕೊನೆಯಾಗುವ ಒಂದು ಫೈಲ್. ಅದನ್ನು ಒತ್ತಿದರೆ ಫೋನಿನೊಳಗೆ ಒಂದು ಕಳ್ಳ ಆ್ಯಪ್ ಕೂತು ನಿಮ್ಮ ಒಟಿಪಿಗಳನ್ನು ಓದಿ ಖಾತೆ ಖಾಲಿ ಮಾಡುತ್ತದೆ. ಸರ್ಕಾರ ಎಪಿಕೆ ಫೈಲ್ ಕಳಿಸಿ ದಂಡ ಕೇಳುವುದಿಲ್ಲ. ಸರ್ಕಾರದ ತಾಣದ ಹೆಸರು ಜಿಒವಿ ಡಾಟ್ ಇನ್ ಎಂದೇ ಮುಗಿಯುತ್ತದೆ. ಸಂದೇಶದಲ್ಲಿ ಬಂದ ಲಿಂಕನ್ನು ಒತ್ತುವ ಬದಲು ತಾಣದ ಹೆಸರನ್ನು ನೀವೇ ಟೈಪ್ ಮಾಡಿ ಹೋದರೆ ಮೋಸವಿಲ್ಲ. ಒಂದು ವೇಳೆ ದುಡ್ಡು ಹೋಯಿತು ಎಂದಾದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಚಲನ್ ತಪ್ಪಾಗಿದ್ದರೆ? ಫೋಟೊದಲ್ಲಿ ಕಾಣುವುದು ಕೆಂಪು ಕಾರು, ನಿಮ್ಮದು ಬಿಳಿ ಬೈಕು. ನಂಬರಿನಲ್ಲಿ 3 ಇದ್ದದ್ದನ್ನು ಕ್ಯಾಮೆರಾ 8 ಎಂದು ಓದಿದೆ. ಅಥವಾ ಯಾರೋ ನಿಮ್ಮ ನಂಬರನ್ನು ತಮ್ಮ ಗಾಡಿಗೆ ಬರೆಸಿಕೊಂಡಿದ್ದಾರೆ. ಇಂಥವನ್ನು "ಹೋಗ್ಲಿ ಬಿಡ್ರಿ, ಐದುನೂರ ಅಲ್ಲ" ಎಂದು ಕಟ್ಟಬಾರದು. ಕಟ್ಟುವುದೆಂದರೆ ತಪ್ಪೊಪ್ಪಿಕೊಳ್ಳುವುದು. ಇ-ಚಲನ್ ತಾಣದಲ್ಲಿಯೇ ದೂರು ಸಲ್ಲಿಸುವ ಜಾಗವಿದೆ. ಚಲನ್ ಹಾಕಿದ ಠಾಣೆಗೆ ನಿಮ್ಮ ಆರ್‌ಸಿ ಪ್ರತಿ, ಗಾಡಿಯ ಫೋಟೊ ಇಟ್ಟು ಕನ್ನಡದಲ್ಲಿಯೇ ಅರ್ಜಿ ಬರೆಯಬಹುದು. ನಂಬರ್ ಕದ್ದಿದ್ದಾರೆ ಎಂಬ ಸಂಶಯ ಇದ್ದರೆ ನಿಮ್ಮೂರಿನ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಇನ್ನೂ ಮುಖ್ಯ. ನಾಳೆ ಆ ಗಾಡಿ ಅಪಘಾತ ಮಾಡಿದರೆ ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.

ಕಟ್ಟದೆ ಬಿಟ್ಟ ಚಲನ್ ಕೋರ್ಟಿಗೆ ಹೋಗುತ್ತದೆ. ಕೋರ್ಟ್ ಎಂದ ಕೂಡಲೇ ಕೇಳುವವರ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. ಅವರ ಅಂಜಿಕೆಗೆ ಕಾರಣವೂ ಇದೆ. ಬನಹಟ್ಟಿಯ ನೇಕಾರ ಒಂದು ದಿನ ಮಗ್ಗ ನಿಲ್ಲಿಸಿ ಕೋರ್ಟಿಗೆ ಹೋದರೆ ಆ ದಿನದ ಮಜೂರಿ ಹೋಗುತ್ತದೆ. ಬೀಳಗಿಯ ಕೂಲಿಯವನಿಗೂ ಅಷ್ಟೇ. ಕಳೆದುಕೊಂಡ ದಿನದ ಬೆಲೆ ದಂಡಕ್ಕಿಂತ ಹೆಚ್ಚಾಗಬಹುದು. 1988ರ ಕಾಯ್ದೆ ಬರೆದವರಿಗೂ ಇದು ಹೊಳೆದಿತ್ತು. ಅದರ 208ನೇ ಕಲಮಿನ ಪ್ರಕಾರ ಇಂಥ ಸಣ್ಣ ಪ್ರಕರಣಗಳಲ್ಲಿ ಕೋರ್ಟು ಸಮನ್ಸಿನಲ್ಲಿಯೇ ಒಂದು ಮೊತ್ತ ಹೇಳಿ, ತಪ್ಪೊಪ್ಪಿಕೊಂಡು ಅದನ್ನು ಮನಿ ಆರ್ಡರ್ ಮೂಲಕ ಕಳಿಸಲು ಅವಕಾಶ ಕೊಡಬಹುದು. ತಪ್ಪೊಪ್ಪಿಗೆಯನ್ನು ಮನಿ ಆರ್ಡರ್ ಕೂಪನ್ನಿನಲ್ಲೇ ಬರೆದರೆ ಸಾಕಿತ್ತು. ಹಾಗೆ ಕಟ್ಟಿದವರ ಮೇಲೆ ಆ ತಪ್ಪಿಗಾಗಿ ಮುಂದೆ ಯಾವ ವಿಚಾರಣೆಯೂ ನಡೆಯುವಂತಿಲ್ಲ. ಇವತ್ತಿನ ವರ್ಚುವಲ್ ಕೋರ್ಟು ಅದೇ ವಿಚಾರದ ಮುಂದುವರಿಕೆ. ವಿಕೋರ್ಟ್ಸ್ ಡಾಟ್ ಜಿಒವಿ ಡಾಟ್ ಇನ್ ಎಂಬ ತಾಣದಲ್ಲಿ ಕರ್ನಾಟಕದ ಸಂಚಾರ ವಿಭಾಗವನ್ನು ಆರಿಸಿಕೊಂಡು ಗಾಡಿ ನಂಬರೋ ಚಲನ್ ನಂಬರೋ ಹಾಕಿದರೆ ಪ್ರಕರಣ ಕಾಣುತ್ತದೆ. ಅಲ್ಲಿ ಎರಡು ದಾರಿ. ಸೂಚಿಸಿದ ದಂಡ ಕಟ್ಟುತ್ತೇನೆ ಎನ್ನಬಹುದು, ಇಲ್ಲವೇ ಒಪ್ಪುವುದಿಲ್ಲ, ವಾದಿಸುತ್ತೇನೆ ಎನ್ನಬಹುದು. ಕಟ್ಟಿದರೆ ಪ್ರಕರಣ ಮುಗಿದಂತೆ. ವಾದಿಸುತ್ತೇನೆ ಎಂದರೆ ಅದು ಆ ಜಾಗದ ಕೋರ್ಟಿಗೆ ಹೋಗುತ್ತದೆ, ತಪ್ಪನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದಾಗಿರುತ್ತದೆ. ನಿಜವಾಗಿಯೂ ತಪ್ಪು ಮಾಡದವರು ಈ ದಾರಿಗೆ ಹೆದರಬೇಕಾಗಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಕೋರ್ಟಿನ ಆವರಣದಲ್ಲೇ ವಿಚಾರಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಮಿಕರು, ಕಡಿಮೆ ಆದಾಯದವರು ಪುಕ್ಕಟೆ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ರಾಜಿಗೆ ಬರುವ ಪ್ರಕರಣಗಳನ್ನು ಲೋಕ ಅದಾಲತ್ತಿನಲ್ಲಿ ಕೋರ್ಟ್ ಶುಲ್ಕವಿಲ್ಲದೆ ಮುಗಿಸಬಹುದು. ಅಲ್ಲಿ ಆದ ತೀರ್ಮಾನವೇ ಕೊನೆ, ಅದರ ಮೇಲೆ ಅಪೀಲು ಇಲ್ಲ.

ಎಲ್ಲ ತಪ್ಪುಗಳೂ ಹೀಗೆ ದುಡ್ಡು ಕಟ್ಟಿ ಮುಗಿಯುವಂಥವಲ್ಲ. ಕುಡಿದು ಓಡಿಸಿದರೆ ಕೋರ್ಟಿಗೆ ಹೋಗಲೇಬೇಕು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಮೊದಲ ಬಾರಿಗೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಬೀಳಬಹುದು, ಲೈಸನ್ಸಿಗೂ ಸಂಚಕಾರ. ಮಕ್ಕಳ ಕೈಗೆ ಗಾಡಿ ಕೊಡುವ ತಂದೆ ತಾಯಿಗಳೂ ಕೇಳಿಸಿಕೊಳ್ಳಿ. ಹಳ್ಳಿಗಳಿಂದ ಜಮಖಂಡಿ, ಮುಧೋಳದ ಕಾಲೇಜುಗಳಿಗೆ ಪಿಯುಸಿ ಹುಡುಗರು ಬೈಕಿನ ಮೇಲೆ ಬರುವುದನ್ನು ದಿನವೂ ನೋಡುತ್ತೇವೆ. "ಬಸ್ ಸಿಗಂಗಿಲ್ಲ, ಅದಕ್ಕ ಕೊಟ್ಟೀನ್ರಿ" ಎಂಬ ತಂದೆಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ 18 ತುಂಬದ ಹುಡುಗ ಸಿಕ್ಕಿಬಿದ್ದರೆ 199ಎ ಕಲಮಿನ ಕೆಳಗೆ ಹೊಣೆ ಬರುವುದು ಪೋಷಕರ ಅಥವಾ ಗಾಡಿಯ ಮಾಲೀಕರ ತಲೆಗೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಬಸ್ಸಿಗಾಗಿ ಊರಿನವರೆಲ್ಲ ಸೇರಿ ಡಿಪೊ ಮ್ಯಾನೇಜರರಿಗೆ ಅರ್ಜಿ ಕೊಡುವುದು ಇದಕ್ಕಿಂತ ಎಷ್ಟೋ ಮೇಲು.

ಕಬ್ಬಿನ ಹಂಗಾಮಿನ ಮಾತು ಆಡದೆ ನಮ್ಮ ಭಾಗದಲ್ಲಿ ರಸ್ತೆಯ ಮಾತು ಪೂರ್ತಿಯಾಗದು. ದೀಪಾವಳಿ ಕಳೆದ ಮೇಲೆ ರಾತ್ರಿಯಿಡೀ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗಳ ದಾರಿ ಹಿಡಿಯುತ್ತವೆ. ಹಿಂದೆ ದೀಪವಿಲ್ಲ, ಪ್ರತಿಫಲಕವಿಲ್ಲ, ಕಬ್ಬಿನ ಗರಿ ಗಾಲಿಯನ್ನೂ ಮುಚ್ಚಿರುತ್ತದೆ, ಡ್ರೈವರ್ ಹಚ್ಚಿದ ಹಾಡಿನ ಗದ್ದಲಕ್ಕೆ ಹಿಂದಿನ ಹಾರ್ನ್ ಕೇಳುವುದಿಲ್ಲ. ಕತ್ತಲಲ್ಲಿ ಬಂದ ಬೈಕು ನೇರವಾಗಿ ಟ್ರೇಲರಿಗೆ ಹೋಗಿ ಬಡಿಯುತ್ತದೆ. ಮಿತಿ ಮೀರಿ ಭಾರ ಹೇರಿದರೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000, ಮೇಲಾಗಿ ಹೆಚ್ಚಿನ ಭಾರ ಇಳಿಸದೆ ಗಾಡಿ ಕದಲುವಂತಿಲ್ಲ. ಈ ದಂಡ ದೊಡ್ಡದಾಯಿತು ಎಂದು ಕೆಲವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಕೆಂಪು ಪ್ರತಿಫಲಕದ ಪಟ್ಟಿ ಅಂಟಿಸಲು ತಗಲುವ ಖರ್ಚು ಒಂದು ಜೀವದ ಮುಂದೆ ಏನೇನೂ ಅಲ್ಲ.

ರಸ್ತೆ ದೊಡ್ಡವರು ಸಣ್ಣವರು ಎಂದು ನೋಡುವುದಿಲ್ಲ. ಚಿಕ್ಕಪಡಸಲಗಿಯ ಬಳಿ ರೈತರನ್ನು ಒಗ್ಗೂಡಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದ, ನಾವೆಲ್ಲ ಬ್ಯಾರೇಜ್ ಸಿದ್ದು ಎಂದೇ ಕರೆದ ಜಮಖಂಡಿಯ ಶಾಸಕ ಸಿದ್ದು ನ್ಯಾಮಗೌಡರನ್ನು 2018ರ ಮೇ 28ರಂದು ತುಳಸಿಗೇರಿ ಬಳಿಯ ರಸ್ತೆ ಅಪಘಾತದಲ್ಲಿ ನಾವು ಕಳೆದುಕೊಂಡೆವು. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ವಿಮೆಯ ವಿಷಯ ಇದಕ್ಕೆ ಅಂಟಿಕೊಂಡೇ ಬರುತ್ತದೆ. ವಿಮೆ ಇಲ್ಲದ್ದಕ್ಕೆ ಕಾಯ್ದೆಯಲ್ಲಿ ಮೊದಲ ಬಾರಿಯ ದಂಡ 2,000 ರೂಪಾಯಿ, ಅಥವಾ 3 ತಿಂಗಳವರೆಗೆ ಸೆರೆ, ಅಥವಾ ಎರಡೂ. ಜನ ಹೆದರುವುದು ಇದಕ್ಕೆ. ಹೆದರಬೇಕಾದದ್ದು ಬೇರೆ. ವಿಮೆ ಇಲ್ಲದ ಗಾಡಿ ಒಬ್ಬ ಮನುಷ್ಯನಿಗೆ ಬಡಿದರೆ ಲಕ್ಷಗಟ್ಟಲೆ ಪರಿಹಾರವನ್ನು ಮಾಲೀಕನೇ ಕೊಡಬೇಕು, ಹೊಲ ಮನೆ ಜಪ್ತಿಗೆ ಬರುತ್ತವೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕುಗಳಿಗೆ 5 ವರ್ಷದ, ಹೊಸ ಕಾರುಗಳಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಿ ಕೊಡಲಾಯಿತು. ಒಳ್ಳೆಯದೇ ಆಯಿತು. ಆದರೆ 5 ವರ್ಷ ನಿಶ್ಚಿಂತೆಯಿಂದ ಇದ್ದವರು ಅವಧಿ ಮುಗಿದದ್ದನ್ನು ಮರೆತೇಬಿಟ್ಟಿದ್ದಾರೆ. ಹೊಲದ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜನರನ್ನು ಕೂಡಿಸಿಕೊಂಡು ಜಾತ್ರೆಗೆ, ಮದುವೆಗೆ ಹೊರಟರೆ, ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಈ ಪ್ರಕರಣಗಳಲ್ಲಿ ಎರಡೂ ಕಡೆಯ ಮನೆಗಳು ಹಾಳಾಗುವುದನ್ನು ನೋಡುವುದು ವಕೀಲರಿಗೂ ಕಷ್ಟ.

ಇನ್ನೊಂದು ವಿಷಯ, ಮಾರಿದ ಗಾಡಿ. ನಮ್ಮಲ್ಲಿ ಹಳೆಯ ಬೈಕನ್ನು ಪರಿಚಯದವರಿಗೆ ಕೊಡುವಾಗ ಒಂದು ಬಾಂಡ್ ಪೇಪರಿನ ಮೇಲೆ ಸಹಿ ಮಾಡಿ ದುಡ್ಡು ಎಣಿಸಿಕೊಂಡರೆ ವ್ಯವಹಾರ ಮುಗಿಯಿತು ಎಂದೇ ತಿಳಿಯುತ್ತೇವೆ. ಕಾನೂನಿನ ಕಣ್ಣಿಗೆ ಅದು ಮುಗಿದಿಲ್ಲ. 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು, ಅದಕ್ಕೆ 29 ಮತ್ತು 30ನೇ ನಮೂನೆಗಳಿವೆ. ಹೆಸರು ಬದಲಾಗುವವರೆಗೆ ಕೊಂಡವನು ಮಾಡಿದ ತಪ್ಪಿನ ಚಲನ್ ನಿಮ್ಮ ಹೆಸರಿಗೇ ಬರುತ್ತದೆ. ಚಲನ್ ಬಿಡಿ, ಅಪಘಾತವಾದರೆ? 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಆ ಪ್ರಕರಣದಲ್ಲಿ ಗಾಡಿ ಹಲವು ಕೈ ದಾಟಿತ್ತು, ಆದರೂ ಹೊಣೆ ಮೊದಲಿನವರ ಮೇಲೆಯೇ ಬಂತು. ಇನ್ನೊಂದು ಕಡೆಯಿಂದ ನೋಡಿದರೆ, ಹಳೆಯ ಗಾಡಿ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅದರ ಮೇಲಿನ ಬಾಕಿ ಚಲನ್ನುಗಳನ್ನು ನೋಡಲೇಬೇಕು. ಬಾಕಿ ಇದ್ದರೆ ಹೆಸರು ಬದಲಾವಣೆ, ಎನ್‌ಒಸಿ, ಎಫ್‌ಸಿ ಎಲ್ಲದಕ್ಕೂ ಅದು ಅಡ್ಡ ಬರುತ್ತದೆ.

ಅರ್ಧ ದಂಡದ ರಿಯಾಯಿತಿಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯ ಮೇಲೆ 2023ರ ಫೆಬ್ರುವರಿ ಮೊದಲ ವಾರ ಸರ್ಕಾರ ಬಾಕಿ ಇ-ಚಲನ್ ದಂಡಕ್ಕೆ ಶೇಕಡಾ 50ರಷ್ಟು ವಿನಾಯಿತಿ ಕೊಟ್ಟಿತು. 11ನೇ ತಾರೀಖಿನವರೆಗಿನ ಆ ಕೆಲವೇ ದಿನಗಳಲ್ಲಿ ಬೆಂಗಳೂರೊಂದರಲ್ಲೇ 100 ಕೋಟಿ ರೂಪಾಯಿಗೂ ಹೆಚ್ಚು ವಸೂಲಿಯಾಯಿತು. ಆಮೇಲೆಯೂ ಕೊಟ್ಟಿದ್ದಾರೆ. 2025ರಲ್ಲಿಯೇ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಒಮ್ಮೆ, ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಇನ್ನೊಮ್ಮೆ. ಹಳೆಯ ಬಾಕಿಯಿಂದ ಬಿಡುಗಡೆ ಬೇಕಿದ್ದ ಬಡವರಿಗೆ ಇದರಿಂದ ಉಪಕಾರವಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಮುಂದಿನ ರಿಯಾಯಿತಿ ಬರಲಿ ಎಂದು ಚಲನ್ನುಗಳನ್ನು ಗುಡ್ಡೆ ಹಾಕಿಕೊಂಡು ಕೂಡುವುದು ಸರಿಯಲ್ಲ. ರಿಯಾಯಿತಿ ಹಕ್ಕಲ್ಲ, ಬರುತ್ತದೆಂಬ ಖಾತ್ರಿಯೂ ಇಲ್ಲ. ಹೊತ್ತಿಗೆ ಸರಿಯಾಗಿ ಪೂರ್ತಿ ಕಟ್ಟಿದ ಪ್ರಾಮಾಣಿಕರಿಗೆ ಅದರಿಂದ ಅನ್ಯಾಯವಾಗುತ್ತದೆ ಎಂಬುದನ್ನು ಸರ್ಕಾರವೂ ಯೋಚಿಸಬೇಕು. ಸರ್ಕಾರ ಮಾಡಬೇಕಾದ ಇನ್ನೊಂದು ಕೆಲಸವೂ ಇದೆ. ಚಲನ್ ಸಂದೇಶ, ನೋಟಿಸು, ಜಾಲತಾಣ ಎಲ್ಲವೂ ಕಡ್ಡಾಯವಾಗಿ ಕನ್ನಡದಲ್ಲಿ ಬರಬೇಕು. ಓದಲು ಬಾರದ ಭಾಷೆಯಲ್ಲಿ ದಂಡ ಕೇಳಿದರೆ ಅಂಜಿಕೆ ಹುಟ್ಟುತ್ತದೆ, ಆ ಅಂಜಿಕೆಯ ಮೇಲೆ ಏಜೆಂಟರೂ ಮೋಸಗಾರರೂ ಬದುಕುತ್ತಾರೆ.

ಕೇಳುಗರೇ, ಈ ಭಾನುವಾರ ಒಂದರ್ಧ ತಾಸು ಬಿಡುವು ಮಾಡಿಕೊಳ್ಳಿ. ಮನೆಯಲ್ಲಿರುವ ಪ್ರತಿ ಗಾಡಿಯ ಆರ್‌ಸಿ ಹೊರಗೆ ತೆಗೆಯಿರಿ. ವಿಮೆಯ ತಾರೀಖು ನೋಡಿ, ಬಾಕಿ ಚಲನ್ ಇದೆಯೇ ನೋಡಿ, ಆರ್‌ಟಿಒ ದಾಖಲೆಯಲ್ಲಿ ನಿಮ್ಮದೇ ಫೋನ್ ನಂಬರು ಇದೆಯೇ ನೋಡಿ. ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಲ್ಲೇ ಇದ್ದರೆ ಸೋಮವಾರವೇ ಜಮಖಂಡಿಯ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.